ಉಪಾಯವಲ್ಲದ ಶರಣಾಗತಿ

ಪಾರಮಾರ್ಥಿಕ ಸಾಧನೆಯನ್ನು ವರ್ಷಗಟ್ಟಲೆ ನಿಷ್ಠೆಯಿಂದ ನಡೆಸಿಕೊಂಡು ಬಂದವರಲ್ಲಿ ಒಂದು ಬಗೆಯ ದಣಿವು ಕಾಣಿಸಿಕೊಳ್ಳುವುದುಂಟು. ಹಿಡಿದ ಜಪದ ಸಂಖ್ಯೆ ತುಂಬಿರುತ್ತದೆ, ಪಾರಾಯಣ ತಪ್ಪಿರುವುದಿಲ್ಲ, ಏಕಾದಶಿಯ ಉಪವಾಸಕ್ಕೆ ಭಂಗ ಬಂದಿರುವುದಿಲ್ಲ. ಹಾಗಿದ್ದರೂ ಮಾಡಿದ್ದು ಸಾಲದೆಂಬ ಕೊರಗು ಮನಸ್ಸನ್ನು ಬಿಡುವುದಿಲ್ಲ, ಮತ್ತು ಆ ಕೊರಗಿಗೆ ಸಾಧಕನಿಗೆ ತೋಚುವ ಪರಿಹಾರವೆಂದರೆ ಇನ್ನಷ್ಟು ಜಪ, ಇನ್ನಷ್ಟು ಪಾರಾಯಣ, ಇನ್ನಷ್ಟು ಕಟ್ಟುನಿಟ್ಟು. ಈ ದಣಿವನ್ನು ಸಾಧಕನ ದೌರ್ಬಲ್ಯವೆಂದು ತಳ್ಳಿಹಾಕದೆ, ತತ್ತ್ವವಿಚಾರಕ್ಕೆ ಅರ್ಹವಾದ ಪ್ರಶ್ನೆಯೆಂದೇ ಎತ್ತಿಕೊಂಡು ಶತಮಾನಗಳ ಕಾಲ ಚರ್ಚಿಸಿದ್ದು ಶ್ರೀವೈಷ್ಣವ ಆಚಾರ್ಯರ ದೊಡ್ಡ ಕೊಡುಗೆ.

ಮೋಕ್ಷಕ್ಕೆ ಸಾಧನವಾಗುವುದನ್ನು ಈ ಸಂಪ್ರದಾಯ ‘ಉಪಾಯ’ವೆಂದೂ, ಅದರಿಂದ ಪಡೆಯಬೇಕಾದುದನ್ನು ‘ಉಪೇಯ’ವೆಂದೂ ಕರೆಯುತ್ತದೆ. ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಉಪಾಯವೆಂದು ನಿರೂಪಿಸುವ ಭಕ್ತಿಯು ಬದುಕಿನುದ್ದಕ್ಕೂ ಎಡೆಬಿಡದೆ ಸಾಗಬೇಕಾದ ಸ್ಮರಣೆ, ಅಂದರೆ ‘ಧ್ರುವಾನುಸ್ಮೃತಿ’. ಅದು ನೆಲೆಗೊಳ್ಳಲು ಆಹಾರಶುದ್ಧಿಯಿಂದ ಮೊದಲಾಗುವ ಏಳು ಸಾಧನಗಳು ಬೇಕೆಂದು ಅವರು ಪೂರ್ವಾಚಾರ್ಯರನ್ನು ಅನುಸರಿಸಿ ಹೇಳುತ್ತಾರೆ. ಎದೆಗುಂದದಿರುವುದು ಎಂಬರ್ಥದ ‘ಅನವಸಾದ’ವೂ, ಹಿಗ್ಗಿ ಮೈಮರೆಯದಿರುವುದು ಎಂಬರ್ಥದ ‘ಅನುದ್ಧರ್ಷ’ವೂ ಆ ಏಳರಲ್ಲಿ ಸೇರಿವೆ ಎಂಬುದನ್ನು ಗಮನಿಸಿದರೆ, ಈ ದಾರಿ ಎಷ್ಟು ಸೂಕ್ಷ್ಮವಾದದ್ದು, ಎಷ್ಟು ಕಡೆ ಕಾಲು ಜಾರುವಂಥದ್ದು ಎಂಬುದು ಅರಿವಾಗುತ್ತದೆ. ಅಂಥ ರಾಮಾನುಜರೇ ಶ್ರೀರಂಗದಲ್ಲಿ ಪಂಗುನಿ ಉತ್ತರದ ದಿನ ಲಕ್ಷ್ಮೀಸಮೇತನಾದ ರಂಗನಾಥನ ಸನ್ನಿಧಿಯಲ್ಲಿ ನಿಂತು, ತಮ್ಮ ಯಾವ ಯೋಗ್ಯತೆಯನ್ನೂ ಮುಂದಿಡದೆ ಶರಣಾದರೆಂದು ಸಂಪ್ರದಾಯ ನಂಬುತ್ತದೆ. ‘ಶರಣಾಗತಿಗದ್ಯ’ ಆ ಸಂದರ್ಭದ ಕೃತಿ. ಈ ಶರಣಾಗತಿಗೆ ‘ಪ್ರಪತ್ತಿ’ ಎಂಬ ಹೆಸರೂ ಇದೆ. ತನ್ನನ್ನು ಕಾಪಾಡಿಕೊಳ್ಳುವ ಭಾರವನ್ನು ತಾನು ಇಳಿಸಿ ಭಗವಂತನಲ್ಲಿ ಇಡುವುದರಿಂದ ಅದನ್ನು ‘ಭರನ್ಯಾಸ’ವೆಂದೂ ಕರೆಯುತ್ತಾರೆ.

ಇಲ್ಲಿಂದ ಮುಂದಿನ ಪ್ರಶ್ನೆಯೇ ಕಠಿಣವಾದದ್ದು. ಭಾರವನ್ನು ಇಳಿಸುವುದೂ ಒಂದು ಕೆಲಸವೇ ಆಗಿದ್ದರೆ, ಅದನ್ನು ಸರಿಯಾಗಿ ಇಳಿಸಿದೆನೋ ಇಲ್ಲವೋ ಎಂಬ ಚಿಂತೆ ಹಳೆಯ ಚಿಂತೆಯ ಜಾಗಕ್ಕೆ ಬಂದು ಕೂರುತ್ತದೆ, ಬಿಡುವುದೇ ಹೊಸ ಸಾಧನೆಯಾಗುತ್ತದೆ. ರಾಮಾನುಜರ ನಂತರದ ಪರಂಪರೆ ವಡಗಲೆ, ತೆಂಗಲೆ ಎಂದು ಎರಡಾಗಿ ಕವಲೊಡೆದದ್ದಕ್ಕೆ ಇದ್ದ ಕಾರಣಗಳಲ್ಲಿ ಈ ಪ್ರಶ್ನೆ ಮುಖ್ಯವಾದದ್ದು. ವಡಗಲೆಯವರ ಪರಮಾಚಾರ್ಯರಾದ ವೇದಾಂತದೇಶಿಕರು, ಶ್ರೀರಂಗದ ಮೇಲೆ ದಂಡಯಾತ್ರೆಯಾದ ದುರ್ದಿನಗಳಲ್ಲಿ ಕೊಳ್ಳೇಗಾಲದ ಬಳಿಯ ಸತ್ಯಾಗಾಲದಲ್ಲಿ ನೆಲೆಸಿದ್ದರೆಂದು ಪ್ರತೀತಿ. ತೆಂಗಲೆಯವರು ಪ್ರಮಾಣವೆಂದು ಆದರಿಸುವ ‘ಶ್ರೀವಚನಭೂಷಣ’ವನ್ನು ಬರೆದ ಪಿಳ್ಳೈ ಲೋಕಾಚಾರ್ಯರು, ಅದೇ ಹಾವಳಿಯಲ್ಲಿ ಶ್ರೀರಂಗದ ಉತ್ಸವಮೂರ್ತಿಯನ್ನು ಕಾಪಾಡಲು ಹೊರಟು, ಮಧುರೆಯ ಹತ್ತಿರದ ಜ್ಯೋತಿಷ್ಕುಡಿಯಲ್ಲಿ ದೇಹ ಬಿಟ್ಟರೆಂದು ಗುರುಪರಂಪರೆ ಹೇಳುತ್ತದೆ. ಭಗವಂತನ ರಕ್ಷಣೆಯನ್ನು ಕುರಿತು ಬರೆದ ಇಬ್ಬರೂ ಊರು ಬಿಟ್ಟು ಅಲೆದವರೆಂಬುದನ್ನು ಮರೆಯಬಾರದು, ಅವರ ಮಾತು ಸುಖಾಸನದಿಂದ ಬಂದದ್ದಲ್ಲ.

ದೇಶಿಕರ ಪ್ರಕಾರ ಭಗವಂತನ ಕೃಪೆಗೆ ಜೀವಾತ್ಮನ ಕಡೆಯಿಂದ ಒಂದು ‘ವ್ಯಾಜ’, ಅಂದರೆ ಅತಿ ಸಣ್ಣದಾದರೂ ಒಂದು ನೆಪ ಬೇಕು. ಇಲ್ಲದಿದ್ದರೆ ಕರುಣಾಳುವೂ ಸರ್ವಶಕ್ತನೂ ಆದ ದೇವರು ಒಬ್ಬನನ್ನು ಉದ್ಧರಿಸಿ ಇನ್ನೊಬ್ಬನನ್ನು ಏಕೆ ಉಳಿಸಿದನೆಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಲೋಕಾಚಾರ್ಯರ ಪ್ರಕಾರ ಆ ನೆಪವನ್ನೂ ಜೀವನು ತನ್ನ ಉಪಾಯವೆಂದು ಎಣಿಸಬಾರದು, ಏಕೆಂದರೆ ಉಪಾಯ ಭಗವಂತನೇ. ಜೀವನಿಂದ ಬೇಕಾದದ್ದು ‘ಅಪ್ರತಿಷೇಧ’, ಅಂದರೆ ಬರುತ್ತಿರುವುದನ್ನು ಬೇಡವೆಂದು ತಡೆಯದಿರುವುದು, ಅಷ್ಟೇ. ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದಿರುವ ಕೋತಿಮರಿ, ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುವ ಬೆಕ್ಕಿನಮರಿ ಎಂಬ ಪ್ರಸಿದ್ಧ ನ್ಯಾಯಗಳು ಈ ಭೇದವನ್ನು ತಿಳಿಸಲು ಹುಟ್ಟಿದವು. ದೇಶಿಕರ ವಾದದಲ್ಲಿ ನ್ಯಾಯದ ಚಿಂತೆಯಿದೆ, ಅದು ಸುಲಭವಾಗಿ ಬದಿಗಿಡುವಂಥದ್ದಲ್ಲ. ಆದರೆ ಈಗಾಗಲೇ ದಣಿದಿರುವ ಸಾಧಕನಿಗೆ ಲೋಕಾಚಾರ್ಯರ ಮಾತೇ ಹೆಚ್ಚು ಹತ್ತಿರದ್ದು, ಏಕೆಂದರೆ ಅದು ಅವನ ಕೈಗೆ ಮತ್ತೊಂದು ಕೆಲಸವನ್ನು ಕೊಡುವುದಿಲ್ಲ.

ಪ್ರಪತ್ತಿಗೆ ದೇಶ, ಕಾಲ, ಶುದ್ಧಿಗಳ ನಿಯಮವಿಲ್ಲವೆಂದು ತೋರಿಸುವುದಕ್ಕೆ ಲೋಕಾಚಾರ್ಯರು ದ್ರೌಪದಿಯನ್ನು ನೆನೆಯುತ್ತಾರೆ: ಕುರುಸಭೆಯಲ್ಲಿ ಕೃಷ್ಣನನ್ನು ಕೂಗಿದಾಗ ಅವಳು ಮಿಂದು ಮಡಿಯುಟ್ಟು ಕೂಗಿದವಳಲ್ಲ. ಇದಕ್ಕಿಂತಲೂ ಆಳವಾದ ಪಾಠ ವಾಲ್ಮೀಕಿ ರಾಮಾಯಣದ ಯುದ್ಧಕಾಂಡದ ಕಡಲತೀರದಲ್ಲಿ ಸಿಗುತ್ತದೆ. ಅಲ್ಲಿ ಸ್ವಲ್ಪವೇ ಅಂತರದಲ್ಲಿ ಎರಡು ಶರಣಾಗತಿಗಳು ನಡೆಯುತ್ತವೆ. ಮೊದಲನೆಯದು ವಿಭೀಷಣನದು. ಲಂಕೆಯನ್ನು ಬಿಟ್ಟು ನಾಲ್ವರು ಸಂಗಡಿಗರೊಂದಿಗೆ ಬಂದ ಅವನು ಆಕಾಶದಲ್ಲಿ ನಿಂತೇ ತಾನು ರಾವಣನ ತಮ್ಮನೆಂಬುದನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಾನೆ. ಸುಗ್ರೀವನು ಅವನನ್ನು ಶಂಕಿಸುತ್ತಾನೆ, ಹನುಮಂತನು ಅವನ ಪರವಾಗಿ ಮಾತನಾಡುತ್ತಾನೆ, ರಾಮನು ಅಭಯ ಕೊಡುತ್ತಾನೆ. ಎದುರಿಗೇ ಸಮುದ್ರವಿದ್ದರೂ ವಿಭೀಷಣನು ಶರಣಾಗುವ ಮೊದಲು ಅದರಲ್ಲಿ ಒಂದು ಮುಳುಗೂ ಹಾಕಲಿಲ್ಲವೆಂಬುದನ್ನು ವ್ಯಾಖ್ಯಾನಕಾರರು ಎತ್ತಿ ತೋರಿಸುತ್ತಾರೆ. ಎರಡನೆಯದು ರಾಮನದು. ವಿಭೀಷಣನ ಸಲಹೆಯಂತೆಯೇ ಸಮುದ್ರರಾಜನನ್ನು ಮರೆಹೊಗಲು ರಾಮನು ದಡದಲ್ಲಿ ದರ್ಭೆಯನ್ನು ಹಾಸಿ, ಮೂಡಣಕ್ಕೆ ಮುಖಮಾಡಿ, ತೋಳನ್ನೇ ತಲೆದಿಂಬಾಗಿಸಿಕೊಂಡು, ನಿಯಮ ತಪ್ಪದೆ ಮೂರು ರಾತ್ರಿ ಮಲಗುತ್ತಾನೆ. ಸಮುದ್ರರಾಜ ಬರುವುದಿಲ್ಲ, ಕೊನೆಗೆ ರಾಮನು ಬಿಲ್ಲು ಎತ್ತಬೇಕಾಗುತ್ತದೆ. ನಿಯಮವಿಲ್ಲದ ಶರಣಾಗತಿ ಫಲಿಸಿತು, ನಿಯಮಬದ್ಧವಾದದ್ದು ಫಲಿಸಲಿಲ್ಲ. ಇದಕ್ಕೆ ಸಂಪ್ರದಾಯ ಕೊಡುವ ವಿವರಣೆ ಬಹಳ ನೇರವಾದದ್ದು: ಮೊರೆಹೋದ ರಾಮನು ಅಸಮರ್ಥನಲ್ಲ, ಮೊರೆಕೇಳಬೇಕಾದ ಸಮುದ್ರನು ಸಮರ್ಥನಲ್ಲ. ಬಿಲ್ಲು ಕೈಯಳತೆಯಲ್ಲಿ ಇರುವವನು ದರ್ಭೆಯ ಮೇಲೆ ಎಷ್ಟು ರಾತ್ರಿ ಮಲಗಿದರೂ ಅವನಿಗೆ ‘ಆಕಿಂಚನ್ಯ’, ಅಂದರೆ ತನ್ನದೆಂಬ ಯಾವ ಸಾಧನವೂ ಇಲ್ಲದ ಸ್ಥಿತಿ, ಬರುವುದಿಲ್ಲ.

ಅದೇ ಕಾವ್ಯದ ಇನ್ನೊಂದು ಪ್ರಸಂಗವನ್ನೂ ಆಚಾರ್ಯರು ಈ ಸಂದರ್ಭದಲ್ಲಿ ನೆನೆಯುತ್ತಾರೆ. ಇಂದ್ರಜಿತುವಿನ ಬ್ರಹ್ಮಾಸ್ತ್ರಕ್ಕೆ ಹನುಮಂತನು ಕಟ್ಟುಬಿದ್ದಿದ್ದಾಗ, ಅದು ಸಾಲದೇನೋ ಎಂಬಂತೆ ರಾಕ್ಷಸರು ನಾರಿನ ಹಗ್ಗಗಳನ್ನು ತಂದು ಬಿಗಿದರು. ಬೇರೊಂದು ಕಟ್ಟನ್ನು ಸಹಿಸದ ಅಸ್ತ್ರವು ಆ ಕ್ಷಣವೇ ಕಳಚಿಕೊಂಡಿತು. ಪ್ರಪತ್ತಿಯೂ ಹಾಗೆಯೇ, ಅದರ ಜೊತೆಗೆ ಭದ್ರತೆಗೆಂದು ಮತ್ತೊಂದು ಉಪಾಯವನ್ನು ಸೇರಿಸಿದರೆ ಅದು ನಿಲ್ಲದೆಂದು ಅವರ ಅಭಿಪ್ರಾಯ.

ಹಗ್ಗವನ್ನು ಸೇರಿಸುವ ಈ ಚಪಲ ಎಷ್ಟು ಆಳದ್ದೆಂಬುದನ್ನು ಅರಿಯಲು ಜಪಾನಿನ ಬೌದ್ಧ ಗುರು ಶಿನ್‌ರಾನ್ ಅವರ ಬದುಕನ್ನು ನೋಡಬೇಕು. 1173ರಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿಗೆ ಸಂನ್ಯಾಸ ಪಡೆದು, ಕ್ಯೋಟೋ ಬಳಿಯ ಹೀಯೇ ಪರ್ವತದ ಮಠದಲ್ಲಿ ಇಪ್ಪತ್ತು ವರ್ಷ ಕಠಿಣ ಸಾಧನೆ ನಡೆಸಿದರೂ ಅವರಿಗೆ ನೆಮ್ಮದಿ ಸಿಗಲಿಲ್ಲ. 1201ರಲ್ಲಿ ಬೆಟ್ಟವಿಳಿದು ಹೋನೆನ್ ಎಂಬ ಗುರುವನ್ನು ಸೇರಿ, ಅಮಿತಾಭ ಬುದ್ಧನ ಸಂಕಲ್ಪವನ್ನೇ ನಂಬಿ ಅವನ ನಾಮವನ್ನು ಉಚ್ಚರಿಸುವ ಪಂಥವನ್ನು ಒಪ್ಪಿಕೊಂಡರು. ತನ್ನ ಸಾಮರ್ಥ್ಯದಿಂದ ಪಾರಾಗುತ್ತೇನೆಂಬ ‘ಜಿರಿಕಿ’ ಅಥವಾ ಸ್ವಬಲವನ್ನು ತೊರೆದು, ಬುದ್ಧನ ‘ತಾರಿಕಿ’ ಅಥವಾ ಪರಬಲಕ್ಕೆ ಒಪ್ಪಿಸಿಕೊಳ್ಳುವುದು ಆ ಪಂಥದ ಸಾರ. ಶ್ರೀವೈಷ್ಣವರಿಗೂ ಇವರಿಗೂ ಪರಸ್ಪರ ಪರಿಚಯವಿರಲಿಲ್ಲವೆಂಬುದರಿಂದ ಈ ಹೋಲಿಕೆಯ ಬೆಲೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಮುಂದೆ ಗೃಹಸ್ಥರಾದ ಶಿನ್‌ರಾನ್ ತೀರಿಕೊಂಡ ಬಳಿಕ ಅವರ ಪತ್ನಿ ಎಶಿನ್ನಿ ಮಗಳಿಗೆ ಬರೆದ ಕಾಗದಗಳು ಕ್ಯೋಟೋದ ನಿಶಿ ಹೊಂಗಾನ್‌ಜಿ ದೇವಾಲಯದ ಉಗ್ರಾಣದಲ್ಲಿ 1921ರಲ್ಲಿ ದೊರೆತವು. ಅವುಗಳಲ್ಲಿ ಒಂದು ಹೇಳುವ ವೃತ್ತಾಂತವಿದು. 1214ರ ಸುಮಾರಿಗೆ ಶಿನ್‌ರಾನ್ ಸಕಲ ಜೀವಿಗಳ ಹಿತಕ್ಕೆಂದು ಮೂರು ಸೂತ್ರಗ್ರಂಥಗಳನ್ನು ಸಾವಿರ ಸಲ ಪಾರಾಯಣ ಮಾಡುವ ಸಂಕಲ್ಪ ತೊಟ್ಟು, ನಾಲ್ಕೈದು ದಿನ ಓದಿ, ನಾಮದ ಜೊತೆಗೆ ಇನ್ನೇನು ಕೊರತೆಯಿದೆಯೆಂದು ಇದನ್ನು ಓದುತ್ತಿರುವುದು ಎಂಬ ವಿಚಾರ ಹೊಳೆದು ನಿಲ್ಲಿಸಿಬಿಟ್ಟರು. ಅಲ್ಲಿಗೆ ಮುಗಿಯಿತೆಂದು ತೋರಿತು, ಮುಗಿದಿರಲಿಲ್ಲ. 1231ರಲ್ಲಿ ಅವರು ಕಡುಜ್ವರದಿಂದ ಹಾಸಿಗೆ ಹಿಡಿದರು. ನಾಲ್ಕನೆಯ ದಿನ ಬೆಳಗಿನ ಜಾವ ಅವರು ಏನನ್ನೋ ಗೊಣಗಿದರು. ಪತ್ನಿ ವಿಚಾರಿಸಿದಾಗ, ಮಲಗಿದ ಎರಡನೆಯ ದಿನದಿಂದ ಮನಸ್ಸು ಬಿಡುವಿಲ್ಲದೆ ಬೃಹತ್ ಸುಖಾವತೀವ್ಯೂಹ ಸೂತ್ರವನ್ನು ಓದುತ್ತಿತ್ತೆಂದೂ, ಕಣ್ಣು ಮುಚ್ಚಿದರೆ ಅಕ್ಷರಗಳು ಒಂದೂ ಬಿಡದೆ ಕಾಣುತ್ತಿದ್ದವೆಂದೂ ಅವರು ತಿಳಿಸಿದರು. ಹದಿನೇಳು ವರ್ಷಗಳ ಹಿಂದೆ ಕೈಬಿಟ್ಟಿದ್ದ ಪಾರಾಯಣ ಜ್ವರದಲ್ಲಿ ತಾನೇ ಮುಂದುವರಿದಿತ್ತು. ಮನುಷ್ಯನಿಗೆ ಸ್ವಬಲದ ಮೇಲಿನ ಹಟ ಎಷ್ಟು ಬಿಡಿಸಲಾಗದ್ದೆಂಬುದನ್ನು ಅವರು ಆಗ ಕಂಡುಕೊಂಡು, ಅದನ್ನು ಹಾಗೆಯೇ ಒಪ್ಪಿಕೊಂಡು, ಆ ಓದನ್ನು ಅಲ್ಲಿಗೆ ನಿಲ್ಲಿಸಿದರು. ಇಲ್ಲಿ ಗಮನಿಸಬೇಕಾದದ್ದು, ಆ ಹಟವನ್ನು ಬೇರುಸಹಿತ ಕೀಳುವ ಹೊಸ ವ್ರತವೊಂದನ್ನು ಅವರು ಕೈಗೊಳ್ಳಲಿಲ್ಲವೆಂಬುದು. ಬಿಡಲಾಗದ ತಮ್ಮ ಸ್ವಭಾವವನ್ನೂ ಸೇರಿಸಿಯೇ ಅವರು ತಮ್ಮನ್ನು ಒಪ್ಪಿಸಿಕೊಂಡರು, ಮತ್ತು ಪೂರ್ತಿಯಾಗಿ ಬಿಟ್ಟ ಮೇಲಷ್ಟೇ ಪಡೆಯುವ ಅರ್ಹತೆ ಬರುತ್ತದೆಂಬ ಕೊನೆಯ ಷರತ್ತೂ ಅಲ್ಲಿ ಕಳಚಿಬಿತ್ತು.

ಹಾಗಾದರೆ ಸಾಧನೆಯನ್ನು ನಿಲ್ಲಿಸಿಬಿಡಬಹುದೇ, ಮನಬಂದಂತೆ ಬದುಕಬಹುದೇ ಎಂಬ ಪ್ರಶ್ನೆ ಎರಡೂ ಕಡೆ ಎದ್ದಿದೆ. ಔಷಧಿ ಇದೆಯೆಂದು ವಿಷವನ್ನು ಬಯಸಬಾರದೆಂದು ಶಿನ್‌ರಾನ್ ತಮ್ಮ ಶಿಷ್ಯರಿಗೆ ಬರೆದ ಪತ್ರಗಳಲ್ಲಿ ಎಚ್ಚರಿಸಿದರು. ಶ್ರೀವೈಷ್ಣವರ ಉತ್ತರ ಇನ್ನೂ ವಿವರವಾದದ್ದು, ಮತ್ತು ಈ ವಿಷಯದಲ್ಲಿ ವಡಗಲೆ, ತೆಂಗಲೆಗಳೆರಡೂ ಒಮ್ಮತದವು. ದಿನವನ್ನು ಐದು ಭಾಗ ಮಾಡಿ, ಬೆಳಗಿನ ದರ್ಶನಕ್ಕೆ ಅಭಿಗಮನ, ಹೂವು ತುಳಸಿ ಮೊದಲಾದ ಪೂಜಾದ್ರವ್ಯಗಳನ್ನು ಕೂಡಿಸುವುದಕ್ಕೆ ಉಪಾದಾನ, ಪೂಜೆಗೆ ಇಜ್ಯಾ, ಗ್ರಂಥಾವಲೋಕನಕ್ಕೆ ಸ್ವಾಧ್ಯಾಯ, ರಾತ್ರಿಯ ಧ್ಯಾನಕ್ಕೆ ಯೋಗ ಎಂದು ಪಾಂಚರಾತ್ರ ಆಗಮ ವಿಧಿಸುವ ದಿನಚರಿ ಶರಣಾದವನಿಗೂ ಹಾಗೆಯೇ ಉಳಿಯುತ್ತದೆ. ಮೋಕ್ಷಕ್ಕೆ ಬೆಲೆಯಾಗಿ ತೆರುತ್ತಿದ್ದ ಅದೇ ಕರ್ಮಗಳು ಈಗ ‘ಕೈಂಕರ್ಯ’, ಅಂದರೆ ಫಲವನ್ನು ಬಯಸದೆ ಪ್ರೀತಿಯಿಂದ ಸಲ್ಲಿಸುವ ಸೇವೆ ಆಗುತ್ತವೆ; ಆ ಸೇವೆಯೇ ಉಪೇಯವಾದ್ದರಿಂದ, ಮುಂದೆಂದೋ ಸಿಗಬೇಕಾದದ್ದು ಇಂದಿನ ಹೂಕಟ್ಟುವ ಕೆಲಸದಲ್ಲಿಯೇ ಸಿಗತೊಡಗುತ್ತದೆ. ರಾಮಾನುಜರು ಹನ್ನೆರಡು ವರ್ಷ ಇದ್ದರೆಂದು ಹೇಳುವ ಮೇಲುಕೋಟೆಯಲ್ಲಿ ಚೆಲುವನಾರಾಯಣನಿಗೆ ಇಂದಿಗೂ ಸಲ್ಲುತ್ತಿರುವ ನಿತ್ಯಸೇವೆಗಳಿಗೆ ಸಂಪ್ರದಾಯ ಕೊಡುವ ಹೆಸರೂ ಕೈಂಕರ್ಯವೇ. ಈ ವ್ಯತ್ಯಾಸ ತಿಳಿಯುವುದು ಕಾಯಿಲೆಯಿಂದಲೋ ಮನೆಯ ತಾಪತ್ರಯದಿಂದಲೋ ದಿನದ ನೇಮ ತಪ್ಪಿಹೋದಾಗ: ಉಪಾಯವೆಂದು ಮಾಡುತ್ತಿದ್ದವನು ಕೂಡಿಟ್ಟ ಪುಣ್ಯದಲ್ಲಿ ಎಷ್ಟು ಕಡಿಮೆಯಾಯಿತೆಂದು ಹೆದರುತ್ತಾನೆ, ಕೈಂಕರ್ಯವೆಂದು ಮಾಡುತ್ತಿದ್ದವನಿಗೆ ಸೇವೆ ತಪ್ಪಿತೆಂಬ ನೋವಿರುತ್ತದೆ, ಭಗವಂತ ಕೈಬಿಟ್ಟಾನೆಂಬ ಭಯವಿರುವುದಿಲ್ಲ.