ಕುಮಟೆಯ ಅರಳೆ, ಅಲಗೇರಿಯ ದಿನಕರ



ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬಿಡಿಸಿದ ಅರಳೆ ಎತ್ತಿನ ಗಾಡಿಗಳನ್ನೇರಿ, ಶಿರಸಿಯನ್ನು ಹಾದು, ದೇವಿಮನೆಯ ಘಟ್ಟವನ್ನಿಳಿದು, ಕುಮಟೆಯ ಬಂದರದಲ್ಲಿ ಪತ್ತೇಮಾರಿಗಳನ್ನು ತುಂಬಿ, ಮುಂಬಯಿಯ ಮಾರ್ಗವಾಗಿ ಇಂಗ್ಲೆಂಡಿನ ಲ್ಯಾಂಕಾಷೈರಿನ ಗಿರಣಿಗಳನ್ನು ಸೇರುತ್ತಿದ್ದ ಕಾಲವೊಂದಿತ್ತು. ಆ ಅರಳೆ ಬೆಳೆದದ್ದು ಘಟ್ಟದ ಮೇಲಾದರೂ ಪರದೇಶದ ವರ್ತಕರು ಅದನ್ನು ಕರೆದದ್ದು ನಮ್ಮ ಕುಮಟೆಯ ಹೆಸರಿನಿಂದಲೇ. ಬ್ರಿಟನ್ನಿನ ಪಕ್ಷರಾಜಕಾರಣವನ್ನೂ ಅಲ್ಲಿಯ ಉದಾರವಾದಿಗಳ ಚುನಾವಣಾ ಸಂಪ್ರದಾಯವನ್ನೂ ಕುರಿತು ನಾಲ್ಕು ಮಾತನಾಡಿರೆಂದು ನನಗೆ ಅಪ್ಪಣೆಯಾದಾಗ, ನಾನು ಈ ಅರಳೆಯಿಂದಲೇ ಮೊದಲಿಡಬೇಕೆಂದು ನಿಶ್ಚಯಿಸಿದೆ. ಭಟ್ಕಳ, ಹೊನ್ನಾವರ, ಕುಮಟೆಗಳ ಜನಕ್ಕೆ ಲಂಡನ್ನಿನ ಪಾರ್ಲಿಮೆಂಟು ದೂರದ ಕಥೆಯೆಂದು ತೋರಬಹುದು. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮದರಾಸು ಪ್ರಾಂತವನ್ನು ಬಿಟ್ಟು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆ, ಈ ತೀರದಲ್ಲಿ ಹತ್ತಿಗೆ ಒಳ್ಳೆಯ ರಸ್ತೆಯೂ ಬಂದರವೂ ಬೇಕೆಂದು ಪಟ್ಟುಹಿಡಿದ ಮ್ಯಾಂಚೆಸ್ಟರಿನ ಗಿರಣಿಯ ಒಡೆಯರ ಒತ್ತಾಯವಿತ್ತು.

ಅದಕ್ಕೆ ಮೊದಲು ಆ ಮ್ಯಾಂಚೆಸ್ಟರಿನ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿ ಕುಳಿತಿದ್ದವನು ಜಾನ್ ಬ್ರೈಟ್ ಎಂಬ ಮಹಾವಾಗ್ಮಿ. 1848ರಲ್ಲಿ ಹಿಂದುಸ್ಥಾನದ ಹತ್ತಿಯ ಬೆಳೆಯನ್ನು ವಿಚಾರಿಸಲು ನೇಮಕವಾದ ಪಾರ್ಲಿಮೆಂಟರಿ ಸಮಿತಿಗೆ ಅವನೇ ಅಧ್ಯಕ್ಷ. ಬಡವನಿಗೂ ಮತ ಬೇಕು, ಆ ಮತ ಗುಪ್ತವಾಗಿರಬೇಕು ಎಂದು ಜೀವಮಾನವೆಲ್ಲ ಹೋರಾಡಿದವನೂ ಅವನೇ. ಒಂದೇ ಮನುಷ್ಯನ ಎರಡು ಕೈಗಳಲ್ಲಿ ಒಂದು ನಮ್ಮ ಅರಳೆಗಾಗಿ ಚಾಚಿತ್ತು, ಮತ್ತೊಂದು ತನ್ನ ದೇಶದ ಕೂಲಿಗಾರನಿಗೆ ಮತಪತ್ರವನ್ನು ಕೊಡಿಸುವುದಕ್ಕಾಗಿ ಎದ್ದಿತ್ತು. ಕುಮಟೆಯ ಬಂದರದಲ್ಲಿ ಅರಳೆಯ ಮೂಟೆ ಹೊತ್ತವನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲವೆಂಬ ವಿಷಾದ ನನ್ನಲ್ಲಿ ಇಂದಿಗೂ ಇದೆ; ಆದರೂ ಆ ಎರಡನೆಯ ಕೈ ಎತ್ತಿಹಿಡಿದ ವಸ್ತುವು ತೊಂಬತ್ತು ವರ್ಷಗಳ ತರುವಾಯ ಸುತ್ತಿ ಬಳಸಿ ಅದೇ ಬಂದರಕ್ಕೆ ಬಂದು ಇಳಿಯಿತೆಂಬುದೇ ನಾನು ಹೇಳಹೊರಟಿರುವ ಕಥೆ.

1832ರ ಸುಧಾರಣೆಯ ಶಾಸನ, ಅನಂತರದ ಮತಾಧಿಕಾರದ ವಿಸ್ತರಣೆಗಳು, ಇವುಗಳನ್ನೆಲ್ಲ ನೀವು ಪಠ್ಯಪುಸ್ತಕದಲ್ಲಿ ಓದಬಹುದು. ನಾನು ಬೇಗ ದಾಟುತ್ತೇನೆ. ನಿಲ್ಲಬೇಕಾದದ್ದು 1872ರಲ್ಲಿ. ಅಲ್ಲಿಯವರೆಗೆ ಇಂಗ್ಲೆಂಡಿನ ಮತದಾರನು ಬಹಿರಂಗವಾಗಿ, ಎಲ್ಲರ ಎದುರು, ತಾನು ಯಾರಿಗೆ ಮತ ಕೊಡುವೆನೆಂದು ಬಾಯಿಬಿಟ್ಟು ಹೇಳಬೇಕಾಗಿತ್ತು. ಅವನ ಜಮೀನಿನ ಒಡೆಯನು ಆ ಮಾತನ್ನು ಕೇಳಿಸಿಕೊಳ್ಳುತ್ತ ನಿಂತಿರಬಹುದಾಗಿತ್ತು. ಒಡೆಯನ ಮುಖ ನೋಡಿ ಒಕ್ಕಲಿನವನು ಎಂಥ ಹೆಸರು ಹೇಳಿಯಾನೆಂಬುದನ್ನು ನಮ್ಮ ಕರಾವಳಿಯ ಗೇಣಿದಾರರಿಗೆ ಯಾರೂ ವಿವರಿಸಬೇಕಾಗಿಲ್ಲ. ಪ್ರಧಾನಿ ಗ್ಲ್ಯಾಡ್‌ಸ್ಟನ್ನನ ಲಿಬರಲ್ ಸರಕಾರ ಆ ವರ್ಷ ಗುಪ್ತ ಮತದಾನವನ್ನು ವಿಧಿಯಾಗಿಸಿತು. 1883ರಲ್ಲಿ ಅಭ್ಯರ್ಥಿಯು ಮಾಡಬಹುದಾದ ವೆಚ್ಚಕ್ಕೆ ಮಿತಿಯನ್ನು ಹಾಕಿ, ಮತವನ್ನು ಹೆಂಡಕ್ಕೂ ಊಟಕ್ಕೂ ಮಾರುವ ಪದ್ಧತಿಗೆ ಶಿಕ್ಷೆಯನ್ನು ವಿಧಿಸಿತು. ಈ ಎರಡು ಶಾಸನಗಳಷ್ಟು ದೊಡ್ಡ ಕೆಲಸವನ್ನು ಆ ಪಕ್ಷವು ಬೇರೆ ಮಾಡಲಿಲ್ಲವೆಂದೇ ನನ್ನ ಮತ.

ಪ್ರಚಾರವೆಂಬುದು ಆಧುನಿಕ ರೂಪವನ್ನು ತಾಳಿದ್ದೂ ಆ ಗ್ಲ್ಯಾಡ್‌ಸ್ಟನ್ನನ ಕಾಲದಲ್ಲಿಯೇ. 1879ರ ಚಳಿಗಾಲದಲ್ಲಿ, ಎಪ್ಪತ್ತರ ಅಂಚಿಗೆ ಬಂದಿದ್ದ ಆ ವೃದ್ಧನು ಸ್ಕಾಟ್ಲೆಂಡಿನ ಮಿಡ್‌ಲೋಥಿಯನ್ ಕ್ಷೇತ್ರಕ್ಕೆ ರೈಲಿನಲ್ಲಿ ಹೊರಟಾಗ, ದಾರಿಯ ನಿಲ್ದಾಣಗಳಲ್ಲಿ ಜನ ಹಿಮದಲ್ಲಿ ಕಾದು ನಿಂತಿದ್ದರಂತೆ. ಅವನನ್ನು ಕೇಳಲು ಬಂದವರಲ್ಲಿ ಬಹುಮಂದಿಗೆ ಮತವೇ ಇರಲಿಲ್ಲ; ಆದರೂ ಅವನು ಅವರ ಮುಂದೆ ಗಂಟೆಗಟ್ಟಲೆ ಆಯವ್ಯಯವನ್ನೂ ಪರರಾಷ್ಟ್ರನೀತಿಯನ್ನೂ ವಿವರಿಸಿದನು; ಅಫಘಾನಿಸ್ಥಾನದ ಹಿಮಾವೃತ ಗುಡ್ಡಗಳ ಹಳ್ಳಿಯವನ ಪ್ರಾಣವು ದೇವರ ದೃಷ್ಟಿಯಲ್ಲಿ ನಿಮ್ಮ ಪ್ರಾಣದಷ್ಟೇ ಪವಿತ್ರವೆಂದು ಹೇಳಿದನು. ಮತ ಕೇಳಲು ಹೋದವನು ಪಾಠ ಹೇಳಿ ಬಂದನು. ಚುನಾವಣೆಯೆಂದರೆ ಜನತೆಗೆ ಶಿಕ್ಷಣವೆಂಬ ಈ ಭಾವನೆಯನ್ನು ಶ್ರೋತೃಗಳು ದಯವಿಟ್ಟು ನೆನಪಿನಲ್ಲಿಡಬೇಕು. ಅದು ನಮ್ಮ ಅಂಕೋಲೆಗೆ ಬರಲಿದೆ.

ಬಂದ ದಾರಿ ಮಾತ್ರ ವಿಚಿತ್ರವಾದದ್ದು. ದಾದಾಭಾಯಿ ನವರೋಜಿಯವರು 1886ರಲ್ಲಿ ಲಂಡನ್ನಿನ ಹೋಲ್‌ಬರ್ನ್ ಕ್ಷೇತ್ರದಲ್ಲಿ ಲಿಬರಲ್ ಅಭ್ಯರ್ಥಿಯಾಗಿ ಸೋತರು. ಎರಡು ವರ್ಷಗಳ ಮೇಲೆ ಪ್ರಧಾನಿ ಸಾಲ್ಸ್‌ಬರಿ ಪ್ರಭುವು, ಇಂಗ್ಲಿಷ್ ಮತದಾರರು ಕರಿಯನೊಬ್ಬನನ್ನು ಆರಿಸುವ ಕಾಲ ಬಂದಿಲ್ಲವೆಂಬರ್ಥದ ಮಾತನ್ನು ಸಭೆಯಲ್ಲಿ ಆಡಿದನು. ಆ ಅವಮಾನದ ಮಾತೇ ನವರೋಜಿಯವರ ಹೆಸರನ್ನು ದೇಶದ ಮನೆಮನೆಗೆ ಮುಟ್ಟಿಸಿತು. 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಲ್ಲಿ ಅವರು ಗೆದ್ದರು. ಅಂತರ ಐದು ಮತ! ಆ ಐದು ಮಂದಿ ಯಾರೋ, ಯಾವ ಬೀದಿಯವರೋ, ಗುಪ್ತ ಮತದಾನವಾದ್ದರಿಂದ ಯಾರೂ ಅರಿಯರು. ನಾನಂತೂ ಅವರನ್ನು ಕೃತಜ್ಞತೆಯಿಂದ ನೆನೆಯದ ಚುನಾವಣೆಯ ದಿನವಿಲ್ಲ.

ನವರೋಜಿಯವರು ತೋರಿದ ಹಾದಿಯಲ್ಲಿ 1905ರಲ್ಲಿ ಇಂಗ್ಲೆಂಡಿಗೆ ಹೋದವರು ಗೋಪಾಲಕೃಷ್ಣ ಗೋಖಲೆಯವರು. ಚುನಾವಣೆ ಸಮೀಪಿಸಿತ್ತು; ಲಿಬರಲರು ಗೆಲ್ಲುವ ಸೂಚನೆಗಳಿದ್ದುವು. ಸಭೆಯಿಂದ ಸಭೆಗೆ ಓಡಾಡಿ, ಲಂಡನ್ನಿನ ನ್ಯಾಷನಲ್ ಲಿಬರಲ್ ಕ್ಲಬ್ಬಿನಲ್ಲಿ ನಿಂತು, ನಿಮ್ಮ ತತ್ತ್ವಗಳು ನಿಜವಾದರೆ ನಮ್ಮಲ್ಲಿಯೂ ಅವನ್ನು ಆಚರಿಸಿರೆಂದು ಅವರು ಕೇಳಿಕೊಂಡರು. ಲಿಬರಲರು 1906ರಲ್ಲಿ ಪ್ರಚಂಡ ಬಹುಮತದಿಂದ ಗೆದ್ದರು. ಆದರೆ ಹಿಂದುಸ್ಥಾನದ ಮಂತ್ರಿಯಾಗಿದ್ದ ಜಾನ್ ಮಾರ್ಲೆ, ಉದಾರವಾದಿ ತತ್ತ್ವಜ್ಞ ಮಿಲ್ಲನ ಶಿಷ್ಯನೆಂದು ನಮ್ಮವರು ನಂಬಿದ್ದ ಆ ಪಂಡಿತನು, 1909ರಲ್ಲಿ ಕೊಟ್ಟದ್ದೇನು? ಅತ್ಯಲ್ಪ ಮಂದಿಗೆ ಮತ. ಅದರಲ್ಲಿಯೂ ಮುಸಲ್ಮಾನರಿಗೆ ಪ್ರತ್ಯೇಕ ಕ್ಷೇತ್ರ. ಪಾರ್ಲಿಮೆಂಟರಿ ಪದ್ಧತಿಯನ್ನು ಭಾರತಕ್ಕೆ ತರುವ ಉದ್ದೇಶ ತನಗಿಲ್ಲವೆಂದು ಅವನೇ ಪ್ರಭುಸಭೆಯಲ್ಲಿ ಘೋಷಿಸಿದನು. ನೆರೆಹೊರೆಯಲ್ಲಿ ಶತಮಾನಗಳಿಂದ ಬಾಳಿದವರು ಮತ ಹಾಕುವಾಗ ಮಾತ್ರ ಬೇರೆ ಬೇರೆ ಪಟ್ಟಿಗಳಲ್ಲಿ ನಿಲ್ಲಬೇಕೆಂಬ ಆ ವಿಧಿಯನ್ನು, ಉದಾರವಾದವನ್ನು ಪ್ರೀತಿಸುವ ನಾನು ಇಂದಿಗೂ ಕ್ಷಮಿಸಲಾರೆ.

ಗೋಖಲೆಯವರು 1911ರಲ್ಲಿ ಪ್ರಾಥಮಿಕ ಶಿಕ್ಷಣದ ವಿಧೇಯಕವನ್ನು ಮಂಡಿಸಿದರು. ಮರುವರ್ಷ ಅದು ಬಿದ್ದುಹೋಯಿತು. ಅವರು ಸ್ಥಾಪಿಸಿದ್ದು ಮಾತ್ರ ಉಳಿಯಿತು: 1905ರಲ್ಲಿ ಪುಣೆಯಲ್ಲಿ ಆರಂಭವಾದ ಭಾರತ ಸೇವಕ ಸಮಾಜ. ಅದರ ಸದಸ್ಯನಾದವನು ತನಗಾಗಿ ಹಣ ಗಳಿಸೆನೆಂದು ಪ್ರತಿಜ್ಞೆ ಮಾಡಬೇಕಾಗಿತ್ತು. ಕನ್ನಡನಾಡಿನಲ್ಲಿ ಆ ಗೋಖಲೆಯವರ ದೀಪವನ್ನು ಇಬ್ಬರು ಹಿಡಿದರು. ಒಬ್ಬರು ಅವರ ಚರಿತ್ರೆಯನ್ನು ಬರೆದು, 1945ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ ಡಿ.ವಿ.ಜಿ.; ಮತ್ತೊಬ್ಬರು ನಮ್ಮವರು, ಮಾರ್ಲೆಯ ಸುಧಾರಣೆಯ ಆ 1909ನೆಯ ಇಸವಿಯಲ್ಲಿಯೇ ಅಂಕೋಲೆಯ ಬಳಿಯ ಅಲಗೇರಿಯಲ್ಲಿ ಜನಿಸಿದ ದಿನಕರ ದೇಸಾಯಿಯವರು.

ಇವರ ವಿಷಯವನ್ನು ಹೇಳುವಾಗ ಸಮಯದ ಅಳತೆ ನನಗೆ ತಪ್ಪುತ್ತದೆ. ಪ್ರಾಥಮಿಕ ಶಾಲೆಯ ಉಪಾಧ್ಯಾಯರೊಬ್ಬರ ಮಗ. ಉನ್ನತ ಪದವಿಗಳನ್ನೂ ಕಾಯಿದೆಯ ವಿದ್ಯೆಯನ್ನೂ ಸಂಪಾದಿಸಿದವರು. ಮುಂಬಯಿಯಲ್ಲಿ ವಕೀಲಿ ಮಾಡಿ ಬಂಗಲೆ ಕಟ್ಟಬಹುದಾಗಿದ್ದಾಗ ಗೋಖಲೆಯವರ ಸಮಾಜವನ್ನು ಸೇರಿ, ಹಡಗಿನ ಖಲಾಸಿಗಳ ಸಂಘವನ್ನು ಕಟ್ಟಲು ನಿಂತರು. ಗುರುವಿನ ಬಿದ್ದುಹೋದ ವಿಧೇಯಕವನ್ನು ಅವರು ಮರೆಯಲಿಲ್ಲ. 1938ರಲ್ಲಿ ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬರೆದರು. ಅತ್ತ ಊರಿನ ಕಡೆಗೂ ಬಂದು ಗೇಣಿ ಒಕ್ಕಲುಗಳನ್ನು, ಹಾಲಕ್ಕಿ ಒಕ್ಕಲಿಗರನ್ನು, ಒಂದುಗೂಡಿಸಿ ಉಳುವವನೇ ಹೊಲದ ಒಡೆಯನಾಗಬೇಕೆಂದು ಕೂಗಿಸಿದರು. ಅದಕ್ಕೆ ಸಿಕ್ಕ ಬಹುಮಾನವೆಂದರೆ ಗಡೀಪಾರು: 1940ರಿಂದ ಐದು ವರ್ಷ ತಾವು ಹುಟ್ಟಿದ ಜಿಲ್ಲೆಗೆ ಕಾಲಿಡಕೂಡದೆಂದು ಸರಕಾರ ಆಜ್ಞೆ ಮಾಡಿತು. ಬ್ರಿಟಿಷ್ ಉದಾರವಾದದ ಮೊಮ್ಮಗನನ್ನು ಬ್ರಿಟಿಷ್ ಸರಕಾರವೇ ಮನೆಯಿಂದ ಹೊರಗೆ ಹಾಕಿತು.

ಸ್ವಾತಂತ್ರ್ಯ ಬಂತು, ಸಾರ್ವತ್ರಿಕ ಮತಾಧಿಕಾರವೂ ಬಂತು. ಇಲ್ಲಿ ಒಂದು ಕಾಕತಾಳೀಯವನ್ನು ನಾನು ಹೇಳದಿರಲಾರೆ. 1951ನೆಯ ಅಕ್ಟೋಬರ್ 25ರಂದು ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ ನಡೆದು, ಗ್ಲ್ಯಾಡ್‌ಸ್ಟನ್ನನ ಆ ಭವ್ಯ ಪಕ್ಷವು ಆರೇ ಸ್ಥಾನಗಳಿಗೆ ಕುಗ್ಗಿತು; ಅದೇ ದಿನ, ಹಿಮಾಚಲದ ಚೀನಿ ಎಂಬ ಹಳ್ಳಿಯಲ್ಲಿ, ಸ್ವತಂತ್ರ ಭಾರತದ ಮೊತ್ತಮೊದಲ ಮತಪತ್ರಗಳು ಪೆಟ್ಟಿಗೆಯಲ್ಲಿ ಬಿದ್ದುವು. ನಮ್ಮ ಕರಾವಳಿಯಲ್ಲಿಯೂ ಓದುಬಾರದವನು ಚಿಹ್ನೆ ಅಂಟಿಸಿದ ಪೆಟ್ಟಿಗೆಗಳ ಮುಂದೆ ಪರದೆಯ ಮರೆಯಲ್ಲಿ ಏಕಾಂಗಿಯಾಗಿ ನಿಂತನು. ಭಟ್ಕಳದ ನವಾಯತ ಮುಸಲ್ಮಾನನೂ ಅವನ ನೆರೆಯ ಹಿಂದೂ ನಾಮಧಾರಿಯೂ ಈಗ ಒಂದೇ ಪಟ್ಟಿಯಲ್ಲಿದ್ದರು. ಆ ಒಂದೇ ಪಟ್ಟಿಯ ಮತದಾರರು ದಕ್ಷಿಣ ಕನ್ನಡ ಮೂಲದ ಕ್ಯಾಥೊಲಿಕ್ ಪತ್ರಕರ್ತ ಜೋಕಿಮ್ ಆಳ್ವರನ್ನು 1952, 1957, 1962ರಲ್ಲಿ ಮೂರು ಬಾರಿ ಲೋಕಸಭೆಗೆ ಕಳುಹಿಸಿದರು. ಮಾರ್ಲೆಯ ಪ್ರತ್ಯೇಕ ಪಟ್ಟಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ದೇಸಾಯಿಯವರು ಈ ಮಧ್ಯೆ ಮಾಡಿದ್ದೇನು? ಶಾಲೆ ಕಟ್ಟಿದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಹೈಸ್ಕೂಲೆಂಬುದು ಪೇಟೆಯ ವಸ್ತುವೆಂದಿದ್ದ ಕಾಲದಲ್ಲಿ ಭಟ್ಕಳ ತಾಲೂಕಿನ ಶಿರಾಲಿಯಂಥ, ಕುಮಟೆ ತಾಲೂಕಿನ ಮಿರ್ಜಾನದಂಥ ಊರುಗಳಲ್ಲಿ ಜನತಾ ವಿದ್ಯಾಲಯಗಳನ್ನು ತೆರೆದರು. ‘ಜನಸೇವಕ’ ವಾರಪತ್ರಿಕೆಯನ್ನು ನಡೆಸಿದರು. ನಾಲ್ಕು ಸಾಲಿನ ಚುಟುಕಗಳನ್ನು ಬರೆದರು. ಅವು ಓದಿದವನ ಬಾಯಿಂದ ಓದದವನ ಬಾಯಿಗೆ ಹರಿದುವು. ಅವರ ಗಡಿಯಾರದ ಶಿಶುಗೀತೆಯನ್ನು ಹಾಡದ ಮಗು ಆಗ ಕನ್ನಡ ಶಾಲೆಯಲ್ಲಿರಲಿಲ್ಲ. ನೀವೇ ಲೆಕ್ಕ ಹಾಕಿರಿ: 1953ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗ 1967ರಲ್ಲಿ ಇಪ್ಪತ್ತನಾಲ್ಕರ ಮತದಾರ. ಹದಿನಾಲ್ಕು ವರ್ಷಗಳ ಪ್ರಚಾರವದು, ಮತ ಕೇಳದೆ ನಡೆದ ಪ್ರಚಾರ!

1967ರ ಫೆಬ್ರವರಿಯಲ್ಲಿ ದಿನಕರ ದೇಸಾಯಿಯವರು ಸ್ವತಂತ್ರರಾಗಿ ನಿಂತು ನಮ್ಮ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಗೆದ್ದರು. ಆ ವರ್ಷ ದೇಶದಲ್ಲೆಲ್ಲ ಗೆದ್ದ ಸ್ವತಂತ್ರರು ಮೂವತ್ತೈದು ಮಂದಿ. ಅವರಲ್ಲಿ ಕೆಲವರು ಅರಸುಮನೆತನದವರು, ಕೆಲವರು ಧನಿಕರು. ನಮ್ಮವರಿಗೆ ಸಿಂಹಾಸನವೂ ಇರಲಿಲ್ಲ, ಗಿರಣಿಯೂ ಇರಲಿಲ್ಲ. ಇದ್ದುದು ಶಾಲೆ, ಚುಟುಕ, ಗಡೀಪಾರಿನ ನೆನಪು. ಅದರ ಹಿಂದಿನ ವರ್ಷವೇ, ಗೋಖಲೆಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ತಲೆಯೆತ್ತಿತ್ತು.

1971ರಲ್ಲಿ ಇಂದಿರಾ ಗಾಂಧಿಯವರ ಅಲೆಯಲ್ಲಿ ಕ್ಷೇತ್ರವು ಕಾಂಗ್ರೆಸ್ಸಿನ ಬಿ. ವಿ. ನಾಯಕರ ಪಾಲಾಯಿತು. ದೇಸಾಯಿಯವರು 1974ರ ಭೂಸುಧಾರಣೆಯಿಂದ ಉಳುವವನು ಹೊಲದ ಒಡೆಯನಾದುದನ್ನು ಕಣ್ಣಾರೆ ಕಂಡು, 1982ರಲ್ಲಿ ತೀರಿಕೊಂಡರು. ಮುಂದೆ 1989ರಲ್ಲಿ ಎಂಬತ್ತೇಳರ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಇದೇ ಕ್ಷೇತ್ರದಲ್ಲಿ ನಿಂತರು. ಗ್ಲ್ಯಾಡ್‌ಸ್ಟನ್ನನಂತೆ ಮುಪ್ಪಿನಲ್ಲಿ ಊರೂರು ತಿರುಗಿ ಜನಕ್ಕೆ ಪಾಠ ಹೇಳಿದ ಆ ಹಿರಿಯರು ಸೋತ ದಿನ ನಾನು ಊಟ ಮಾಡಲಿಲ್ಲ.

ಮುಗಿಸುವ ಮುನ್ನ ಮನೆಯ ಒಂದು ಸಂಗತಿ. 1967ರಲ್ಲಿ ನಾನು ಶರಾವತಿಯ ದಂಡೆಯ ಹಳ್ಳಿಯಲ್ಲಿ ಕನ್ನಡ ಶಾಲೆಯ ಹುಡುಗ. ತಂದೆ ಗೇಣಿದಾರ, ಅಕ್ಷರ ಬಾರದವನು. ಶನಿವಾರ ಸಂಜೆ ನಮ್ಮ ಮಾಸ್ತರರು ಜಗಲಿಯಲ್ಲಿ ಕುಳಿತು ‘ಜನಸೇವಕ’ವನ್ನು ಗಟ್ಟಿಯಾಗಿ ಓದುವಾಗ ಅಂಗಳದ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಕೇಳುತ್ತಿದ್ದನು. ಮತದಾನದ ದಿನ ಅವನ ಕೈ ಹಿಡಿದು ಶಾಲೆಯ ಬಾಗಿಲವರೆಗೆ ನಾನೂ ಹೋಗಿದ್ದೆ. ಹಿಂದಿರುಗುವಾಗ ದಣಪೆಯ ಬಳಿ ಒಡೆಯರು ನಿಂತಿದ್ದರು. ಭತ್ತದ ಲೆಕ್ಕ ಕೇಳುವ ದನಿಯಲ್ಲಿಯೇ, “ಯಾರಿಗೆ ಹಾಕ್ದ್ಯೋ?” ಎಂದು ಕೇಳಿದರು. ತಂದೆ ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ, ಬಹಳ ವಿನಯದಿಂದ ಹೇಳಿದನು:

“ಪೆಟ್ಗೆಗೆ ಹಾಕ್ದೆ, ಒಡ್ಯಾ.”

ದಣಪೆ ದಾಟಿದ ಮೇಲೆ ವಸ್ತ್ರವನ್ನು ಮತ್ತೆ ಹೆಗಲಿಗೆ ಹಾಕಿಕೊಂಡನು.