ಅಂಗೈಯೊಳಗಿನ ಕಿರ್ದಿ

ಶಲವಡಿಯ ಎರೆಹೊಲದಲ್ಲಿ ನಿಂತ ರೈತನೊಬ್ಬ ತಾನು ಬಿತ್ತಿದ ಬೆಳೆಯ ಹೆಸರನ್ನು ಮೊಬೈಲ್ ಫೋನಿನಲ್ಲಿ ನಮೂದಿಸಿದನೆನ್ನಿ. ಆ ನಮೂದು ಎಲ್ಲಿಗೆ ಹೋಯಿತು? ಕ್ಷಣಾರ್ಧದಲ್ಲಿ ಬೆಂಗಳೂರು ಸೇರಿತೆಂದು ನಾವು ನಂಬುತ್ತೇವೆ. ಆದರೆ ಸಿಗ್ನಲ್ ಸಿಗದ ಹೊಲದಲ್ಲಿ ಅದು ಎಲ್ಲಿಗೂ ಹೋಗಲಾರದು. ಅವನ ಅಂಗೈಯಲ್ಲಿಯೇ ಉಳಿಯುತ್ತದೆ. ಹಾಗೆ ಉಳಿದಿರುವಷ್ಟು ಹೊತ್ತು ಅದರ ಗತಿ ಏನು ಎಂಬುದನ್ನೇ ನಾನಿಂದು ವಿಚಾರಿಸಬೇಕೆಂದಿದ್ದೇನೆ.

ಹಿಂದೆ ಪಹಣಿಯಲ್ಲಿ ಬೆಳೆಯನ್ನು ಬರೆಯುವುದು ಗ್ರಾಮ ಲೆಕ್ಕಾಧಿಕಾರಿಯ ಕೆಲಸವಾಗಿತ್ತು. ಹೊಲಕ್ಕೆ ಹೋಗಿ ಬರೆದವರೂ ಉಂಟು, ಚಾವಡಿಯಲ್ಲಿ ಕುಳಿತು ಹೋದ ವರ್ಷದ್ದನ್ನೇ ನಕಲಿಳಿಸಿದವರೂ ಉಂಟು. 'ಭೂಮಿ' ಯೋಜನೆಯು 2001ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಕಾಗದ ಹೋಗಿ ಪರದೆ ಬಂದಿತು. ಬೆಳೆಯ ಕಲಮಿನ ಸತ್ಯ ಮಾತ್ರ ಬರೆಯುವವನನ್ನೇ ಅವಲಂಬಿಸಿ ಉಳಿಯಿತು. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರವು ಬೆಳೆ ಸಮೀಕ್ಷೆಯ ಆ್ಯಪನ್ನು ರೈತರ ಕೈಗೇ ಕೊಟ್ಟಿತು. ಸರ್ವೆ ನಂಬರು ಆರಿಸಿ, ಬೆಳೆಯ ಹೆಸರು ಬರೆದು, ಹೊಲದಲ್ಲಿಯೇ ಚಿತ್ರ ತೆಗೆದು ಕಳುಹಿಸಬೇಕು. ಬೆಳೆವಿಮೆ, ಬೆಂಬಲ ಬೆಲೆಯ ಖರೀದಿ, ಬರ–ನೆರೆಗಳ ಪರಿಹಾರ, ಇವೆಲ್ಲಕ್ಕೂ ಈ ನಮೂದು ಆಧಾರ. ಕಡಲೆಗೆ ವಿಮೆಯ ಕಂತು ತುಂಬಿದವನ ಹೊಲ ಸಮೀಕ್ಷೆಯಲ್ಲಿ ಜೋಳವೆಂದಿದ್ದರೆ ಹಣಕ್ಕೆ ತಡೆ ಬೀಳುತ್ತದೆ.

ಇಂಥ ನಮೂದುಗಳನ್ನು ಫೋನಿನೊಳಗೆ ಸಾಮಾನ್ಯವಾಗಿ ಕಾಯುವುದು ಒಂದು ಪುಟ್ಟ ಡೇಟಾಬೇಸ್, ಎಂದರೆ ಮಾಹಿತಿಯ ಕಣಜ. ಆಂಡ್ರಾಯ್ಡ್ ಫೋನುಗಳಲ್ಲಿರುವ ಎಸ್‌ಕ್ಯೂಲೈಟ್ ಎಂಬುದನ್ನು ಅಮೆರಿಕದ ರಿಚರ್ಡ್ ಹಿಪ್ ಅವರು 2000ದಲ್ಲಿ ಹೊರತಂದರು. ಅದರ ಮೂಲ ಒಂದು ಯುದ್ಧನೌಕೆಯ ಕೆಲಸ. ಸರ್ವರ್ ಕೈಕೊಟ್ಟರೆ ಅದನ್ನು ನೆಚ್ಚಿದ ಕಾರ್ಯಕ್ರಮವೂ ನಿಲ್ಲುತ್ತಿತ್ತು. ಸರ್ವರಿನ ಹಂಗೇ ಬೇಡವೆಂದು ಅವರು ಇಡೀ ಕಣಜವನ್ನು ಒಂದೇ ಕಡತದಲ್ಲಿ ಅಡಗಿಸಿದರು. ಯುದ್ಧನೌಕೆಗೂ ಎರೆಹೊಲಕ್ಕೂ ಎತ್ತಣ ನಂಟು ಎನಿಸಬಹುದು. ಕಷ್ಟ ಮಾತ್ರ ಒಂದೇ.

ಅದರ ರೀತಿ ನಮ್ಮ ಪೇಟೆಯವರಿಗೆ ಹೊಸದಲ್ಲ. ವ್ಯಾಪಾರಿ ದಿನದ ವ್ಯವಹಾರವನ್ನು ಮೊದಲು ಕಿರ್ದಿಗೆ ಬರೆದು ಆಮೇಲೆ ಖತಾವಣಿಗೆ ಏರಿಸುತ್ತಾನಷ್ಟೆ. ಎಸ್‌ಕ್ಯೂಲೈಟಿನಲ್ಲಿಯೂ 2010ರಿಂದ ಅಂಥದೊಂದು ಕ್ರಮವಿದೆ: ಹೊಸ ಬರಹ ಮೊದಲು ಬೇರೊಂದು ಕಡತಕ್ಕೆ, ಬಳಿಕ ಮೂಲ ಕಡತಕ್ಕೆ. ಬರೆಯುವಾಗ ಆ್ಯಪ್ ನಡುವೆಯೇ ನಿಂತುಹೋದರೆ ಅರ್ಧವಾದ ನಮೂದು ಲೆಕ್ಕಕ್ಕೆ ಬಾರದು, ಮುಂಚೆ ಪೂರ್ತಿಯಾದದ್ದು ಕೆಡದು.

ನಿಜವಾದ ತೊಡಕು ಕಿರ್ದಿ ಎರಡಾದಾಗ. ರೈತ ಸೋಮವಾರ ಹೊಲದಲ್ಲಿ 'ಕಡಲೆ' ಎಂದು ಬರೆದ. ಸಿಗ್ನಲ್ ಇಲ್ಲದೆ ಅದು ಫೋನಿನಲ್ಲೇ ಕುಳಿತಿತು. ಬುಧವಾರ ಸಮೀಕ್ಷೆಗೆ ಬಂದ ಇನ್ನೊಬ್ಬ ಅದೇ ನಂಬರಿಗೆ 'ಜೋಳ' ಎಂದು ಬರೆದು ಅಂದೇ ಕಳುಹಿಸಿದ. ಶುಕ್ರವಾರ ರೈತನ ನಮೂದು ತಲುಪಿತು. ಈಗ ಯಾವುದು ನಿಲ್ಲಬೇಕು? ಮೊದಲು ಬರೆದದ್ದೋ, ಕಡೆಗೆ ತಲುಪಿದ್ದೋ? ಫೋನಿನ ಗಡಿಯಾರವನ್ನು ನಂಬೋಣವೆಂದರೆ ಅದನ್ನು ಯಾರೂ ತಿರುಗಿಸಬಹುದು. ಯಂತ್ರಕ್ಕೆ ಯಾವುದಾದರೊಂದು ನಿಯಮ ಸಾಕು. ಆದರೆ ಒಂದರ ಮೇಲೆ ಒಂದನ್ನು ಸದ್ದಿಲ್ಲದೆ ಬರೆಯುವ ನಿಯಮ ನನಗೆ ಸರಿಯೆನಿಸದು. ಎರಡನ್ನೂ ಉಳಿಸಿ, ಚಿತ್ರಗಳನ್ನು ಮುಂದಿಟ್ಟು ಮನುಷ್ಯನೊಬ್ಬ ತೀರ್ಮಾನಿಸುವುದು ನಿಧಾನವಾದರೂ ನ್ಯಾಯ.

ಕೋಷ್ಟಕ ಕಟ್ಟುವವನೂ ಒಮ್ಮೆ ಎರೆಸೀಮೆಯನ್ನು ನೋಡಬೇಕು. ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಇಲ್ಲಿ ಒಂದೇ ಹೊಲದಲ್ಲಿ ಬೆಳೆಯುವುದುಂಟು. ನಂಬರಿಗೆ ಒಂದೇ ಬೆಳೆಯೆಂದು ಮನೆ ಕೊರೆದಿಟ್ಟರೆ ರೈತ ಎರಡನ್ನು ಬಿಟ್ಟು ಒಂದನ್ನು ಬರೆಯಬೇಕಾಗುತ್ತದೆ.

ಕಳುಹಿಸಿದ ಮೇಲೆ ದಾಖಲೆ ಹೇಗಿದೆಯೆಂದು ನೋಡಿ ಆಕ್ಷೇಪಣೆ ಸಲ್ಲಿಸಲು 'ಬೆಳೆ ದರ್ಶಕ್' ಎಂಬ ಇನ್ನೊಂದು ಆ್ಯಪ್ ಬಂದಿದೆ. ಆದರೆ ಕಳುಹಿಸದೆ ಉಳಿದದ್ದು ಅಲ್ಲಿ ಕಾಣದು. ಫೋನಿನಲ್ಲಿ ಜಾಗವಿಲ್ಲವೆಂದು ಮನೆಯ ಹುಡುಗ ಸಮೀಕ್ಷೆಯ ಆ್ಯಪನ್ನು ಅಳಿಸಿಬಿಟ್ಟರೆ ಒಳಗಿನ ಕಿರ್ದಿಯೂ ಅದರೊಡನೆ ಅಳಿಯುತ್ತದೆ. 'ಇನ್ನೂ ಕಳುಹಿಸಿಲ್ಲ' ಎಂಬ ಎರಡು ಮಾತು ಪರದೆಯ ಮೇಲೆ ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಕಾಣುತ್ತಿರಬೇಕು.