ಮನೆ ಕಟ್ಟುವ ಕರಾರು: ಯಾರ ಹೊಣೆ ಎಷ್ಟು?

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರುವುದು ಹುಡುಗಾಟದ ಮಾತಲ್ಲ. ಇಂಥ ಸಂತೋಷದ ದಿನ ವ್ಯಾಜ್ಯದ ಮಾತೇಕೆ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಮದುವೆಗೆ ನಾವು ಲಗ್ನಪತ್ರಿಕೆ ಬರೆಸ್ತೀವಿ. ಲಕ್ಷಾಂತರ ರೂಪಾಯಿಯ ಮನೆಗೆ ಮಾತ್ರ ಎಲೆ ಅಡಿಕೆ ಕೊಟ್ಟು, 'ನೋಡಿ ಮಾಡಪ್ಪ' ಅಂದುಬಿಡ್ತೀವಿ. ಆಮೇಲೆ ಜಗಳ ಬಂದರೆ ಚಾವಣಿ ಅರ್ಧಕ್ಕೆ ನಿಲ್ಲುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಈ ಸಭೆಯಲ್ಲಿ ಮನೆ ಕಟ್ಟಿಸುವವರೂ ಇದ್ದೇವೆ, ಕಟ್ಟುವ ಮೇಸ್ತ್ರಿಗಳೂ ಇದ್ದೇವೆ. ಆದ್ದರಿಂದ ಇಬ್ಬರ ಪರವಾಗಿಯೂ ಮಾತಾಡೋಣ. ಇಂಥ ಜಗಳಗಳಲ್ಲಿ ಮೋಸಕ್ಕಿಂತ ಹೆಚ್ಚಾಗಿ ಇರುವುದು ಬರೆದಿಡದ ಮಾತು. ಒಬ್ಬರು ಒಂದು ತಿಳಿದುಕೊಂಡಿರುತ್ತಾರೆ, ಇನ್ನೊಬ್ಬರು ಇನ್ನೊಂದು ತಿಳಿದುಕೊಂಡಿರುತ್ತಾರೆ.

ಬಾಯಿಮಾತಿನ ಕರಾರಿಗೆ ಬೆಲೆಯೇ ಇಲ್ಲ ಅಂತ ತಿಳಿಯಬೇಡಿ. 1872ರ ಭಾರತೀಯ ಕರಾರು ಕಾಯ್ದೆ ಬಾಯಿಮಾತನ್ನೂ ಒಪ್ಪುತ್ತದೆ. ಆದರೆ ನ್ಯಾಯಾಲಯದಲ್ಲಿ ಅದನ್ನು ರುಜುವಾತು ಮಾಡುವುದು ಕಷ್ಟ. ಬರೆದ ಕರಾರಿಗೆ ತಕ್ಕ ಸ್ಟಾಂಪು ಇರಲಿ. ಸ್ಟಾಂಪು ಕಡಿಮೆಯಾದರೆ ದಂಡ ಸಮೇತ ಕಟ್ಟುವ ತನಕ ಆ ಪತ್ರವನ್ನು ಸಾಕ್ಷಿಗೆ ತೆಗೆದುಕೊಳ್ಳುವುದಿಲ್ಲ.

ಕರಾರಿನಲ್ಲಿ ಏನೇನು ಬರೆಯಬೇಕು? ಮೊದಲನೆಯದು ಅಳತೆ. ನಮ್ಮ ಕಡೆ ಚದರದ ಲೆಕ್ಕ, ಅಂದರೆ ನೂರು ಚದರಡಿ. ಚದರಕ್ಕೆ ಇಷ್ಟು ಅಂತ ದರ ಮಾತಾಡ್ತೀವಿ, ಸರಿ. ಆದರೆ ಸಜ್ಜಾ, ಮೆಟ್ಟಿಲು, ಪೋರ್ಟಿಕೋ, ಸಂಪು, ತಾರಸಿಯ ಪ್ಯಾರಾಪೆಟ್ ಗೋಡೆ ಆ ಚದರದ ಒಳಗೋ ಹೊರಗೋ? ಇದೊಂದು ಸಾಲು ಬರೆಯದೆ ಗೃಹಪ್ರವೇಶದ ದಿನ ಮುಖ ಮುಖ ನೋಡದೆ ಹೋದವರುಂಟು.

ಎರಡನೆಯದು, ಯಾವ ಬಗೆಯ ಗುತ್ತಿಗೆ ಅನ್ನುವುದು. ಕೂಲಿ ಗುತ್ತಿಗೆಯಾದರೆ ಸಿಮೆಂಟು, ಕಬ್ಬಿಣ, ಮರಳು ಮಾಲೀಕನದು. ಸಾಮಗ್ರಿ ಕೆಟ್ಟದ್ದಾದರೆ ಅದರ ಹೊಣೆಯನ್ನು ಮೇಸ್ತ್ರಿಯ ತಲೆಗೆ ಕಟ್ಟುವುದು ಕಷ್ಟ. ಆತನ ಹೊಣೆ ಕೈಕೆಲಸದ್ದು. ಸಾಮಗ್ರಿ ಸಮೇತ ಗುತ್ತಿಗೆಯಾದರೆ ಎರಡೂ ಗುತ್ತಿಗೆದಾರನ ಮೇಲೆ ಬರುತ್ತವೆ. ಆತ ಸೆಂಟ್ರಿಂಗನ್ನು ಒಬ್ಬರಿಗೆ, ನಲ್ಲಿ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟಿದ್ದರೂ ಮಾಲೀಕನಿಗೆ ಉತ್ತರ ಹೇಳಬೇಕಾದವನು ಆತನೇ.

ಮೂರನೆಯದನ್ನು ನಾವು ಮರೆಯುವುದೇ ಹೆಚ್ಚು: ನೀರು ಹಾಕುವವರು ಯಾರು? ಕಾಂಕ್ರೀಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಬಳಸುವ ಬೂದಿ ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ ತೇವ ಆರಬಾರದು ಅಂತ ಐಎಸ್ 456 ಎಂಬ ಭಾರತೀಯ ಮಾನಕ ಹೇಳುತ್ತದೆ. ಬಿಸಿಲು ಕಾಲದಲ್ಲಿ ಇನ್ನೂ ಹೆಚ್ಚು ದಿನ ಬೇಕು. ಚಾವಣಿಯ ಕೆಳಗಿನ ಊರುಗಂಬವನ್ನೂ ಅವಸರಕ್ಕೆ ತೆಗೆಯಬಾರದು. ಚಾವಣಿಯ ಹರವು ನಾಲ್ಕೂವರೆ ಮೀಟರು ಮೀರಿದರೆ ಕನಿಷ್ಠ 14 ದಿನ ಬಿಡಬೇಕು. ಬಿರುಕು ಬಂದಾಗ 'ನೀನು ನೀರು ಹಾಕಲಿಲ್ಲ' ಅಂತ ಮೇಸ್ತ್ರಿ, 'ನೀನು ಕಲಸಿದ್ದೇ ಸರಿಯಿಲ್ಲ' ಅಂತ ಮಾಲೀಕ. ನೀರಿನ ಹೊಣೆ ಯಾರದೆಂದು ಮೊದಲೇ ಬರೆದಿದ್ದರೆ ಈ ಜಗಳದ ಅರ್ಧ ಅಲ್ಲೇ ತೀರುತ್ತಿತ್ತು.

ಪಾಯದ ಮಾತೂ ಹಾಗೇ. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಮೇಸ್ತ್ರಿ ಇನ್ನೂ ಆಳ ಬೇಕು ಅಂದಾಗ ಖರ್ಚಿಗೆ ಹೆದರಿ 'ಮೂರಡಿ ಸಾಕು' ಅಂದವರು ನಾವೇ ಆದರೆ, ಗೋಡೆ ಸೀಳಿದಾಗ ಆತನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಮೇಸ್ತ್ರಿ ಬಂಧುಗಳಿಗೂ ಒಂದು ಮಾತು: ಇಂಥ ಎಚ್ಚರಿಕೆ ಕೊಟ್ಟ ದಿನವೇ ಚೀಟಿಯಲ್ಲಿ ಬರೆದು ಮಾಲೀಕರ ರುಜು ತೆಗೆದುಕೊಳ್ಳಿ. ಅದೇ ನಿಮಗೆ ರಕ್ಷೆ.

ಇನ್ನು ಹೆಚ್ಚುವರಿ ಕೆಲಸ. ನಡುವೆ 'ಇಲ್ಲೊಂದು ದೇವರ ಮನೆ ಮಾಡು, ಅಲ್ಲೊಂದು ಕಿಟಕಿ ಇಡು' ಅನ್ನುತ್ತೇವೆ. ಕೊನೆಗೆ ದುಡ್ಡು ಕೇಳಿದರೆ 'ಅದೆಲ್ಲ ಒಳಗೇ ಸೇರಿತ್ತು' ಅನ್ನುತ್ತೇವೆ. ಪುಕ್ಕಟೆ ಅಂದುಕೊಳ್ಳದೆ ಒಬ್ಬ ಮಾಡಿದ ಕೆಲಸದ ಲಾಭ ಪಡೆದವನು ಅದಕ್ಕೆ ತಕ್ಕ ಪ್ರತಿಫಲ ಕೊಡಬೇಕು ಅಂತ ಕರಾರು ಕಾಯ್ದೆಯ 70ನೇ ಕಲಂ ಹೇಳುತ್ತದೆ. ಆದರೂ ಹೇಳಿದ ದಿನವೇ ದರ ಬರೆದುಕೊಳ್ಳುವುದು ಮೇಲು.

ತಡದ ವಿಷಯಕ್ಕೆ ಬರೋಣ. ಅವಧಿ ಮೀರಿದ ಮೇಲೂ ಏನೂ ಹೇಳದೆ ಕೆಲಸ ಒಪ್ಪಿಕೊಂಡರೆ, ಆಮೇಲೆ ತಡವಾಯಿತೆಂದು ಪರಿಹಾರ ಕೇಳುವ ಹಕ್ಕು ಕೈತಪ್ಪಬಹುದು. ಒಪ್ಪಿಕೊಳ್ಳುವಾಗಲೇ ತಿಳಿವಳಿಕೆ ಕೊಟ್ಟಿರಬೇಕು ಅನ್ನುವುದು 55ನೇ ಕಲಮಿನ ಸಾರ. ಹಾಗೆಯೇ 'ತಡವಾದರೆ ದಿನಕ್ಕೆ ಸಾವಿರ ದಂಡ' ಅಂತ ಬರೆದ ಮಾತ್ರಕ್ಕೆ ಅಷ್ಟೂ ಸಿಕ್ಕೇಬಿಡುತ್ತದೆ ಅನ್ನಬೇಡಿ. ಬರೆದ ಮೊತ್ತ ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾದಷ್ಟನ್ನೇ ಕೊಡಿಸಬೇಕು ಅಂತ 74ನೇ ಕಲಂ ಹೇಳುತ್ತದೆ. ನಷ್ಟ ಆದವನು ಅದನ್ನು ತಗ್ಗಿಸುವ ಪ್ರಯತ್ನವನ್ನೂ ಮಾಡಿರಬೇಕು. ಸೋರುವ ಸೂರಿನ ಕೆಳಗೆ ಗೊತ್ತಿದ್ದೂ ರಾಗಿ ಮೂಟೆ ಇಟ್ಟು, ನೆನೆದ ರಾಗಿಯ ಬೆಲೆಯನ್ನೂ ಕೊಡು ಅಂದರೆ ನಡೆಯದು.

ಹಣವನ್ನು ಒಟ್ಟಿಗೆ ಕೊಡಬೇಡಿ. ಪಾಯ, ಲಿಂಟಲ್, ಚಾವಣಿ, ಗಾರೆ ಹೀಗೆ ಹಂತ ಮುಗಿದ ಹಾಗೆ ಕೊಡಿ. ಹಂತ ಮುಗಿದ ಮೇಲೆ ಮೇಸ್ತ್ರಿಯನ್ನು ಅಲೆಸಲೂಬೇಡಿ, ಆತನೂ ಆಳುಗಳಿಗೆ ಶನಿವಾರ ಬಟವಾಡೆ ಮಾಡಬೇಕು. ಒಂದು ಸಣ್ಣ ಭಾಗವನ್ನು ಒಂದು ಮಳೆಗಾಲ ಕಳೆಯುವ ತನಕ ಉಳಿಸಿಕೊಳ್ಳುವುದಾದರೆ ಅದು ಕರಾರಿನಲ್ಲೇ ಇರಲಿ. ಫೋನಿನಲ್ಲಿ ಹಾಕಿದ ಹಣಕ್ಕೂ ರಸೀತಿ ಪಡೆಯಿರಿ.

ಇಷ್ಟಾದರೂ ಜಗಳ ಬಂದರೆ? ಮೊದಲು ಒಡೆಯಬೇಡಿ, ರಿಪೇರಿಗೂ ಅವಸರ ಬೇಡ. ಫೋಟೋ ತೆಗೆಸಿ, ಇಂಜಿನಿಯರೊಬ್ಬರಿಂದ ಅಳತೆ ಮತ್ತು ವರದಿ ಬರೆಸಿ, ಎದುರಿನವರಿಗೆ ಅಂಚೆಯಲ್ಲಿ ನೋಟೀಸು ಕೊಡಿ. ಪೊಲೀಸು ಠಾಣೆಗೆ ಓಡುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಮೊದಲಿನಿಂದಲೇ ಮೋಸದ ಉದ್ದೇಶ ಇದ್ದಿದ್ದರೆ ಬೇರೆ ಮಾತು. ಬರೀ ಕರಾರು ಮುರಿದದ್ದು ಸಿವಿಲ್ ವ್ಯಾಜ್ಯ.

ಮನೆ ಕಟ್ಟಿಸುವವನಿಗೆ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟು ಮನೆ ಕಟ್ಟಿಕೊಡುವುದೂ ಒಂದು ಸೇವೆಯೇ ಎಂದು ತೀರ್ಪು ಕೊಟ್ಟಿತು. ಈಗಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಮನೆ ನಿರ್ಮಾಣ ಸೇವೆಯೇ. ಕೊಟ್ಟ ಪ್ರತಿಫಲ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ ದೂರು ಕೊಡಬಹುದು. 5 ಲಕ್ಷದ ತನಕ ಶುಲ್ಕವೇ ಇಲ್ಲ. ಆದರೆ ಎರಡು ವರ್ಷದೊಳಗೆ ಹೋಗಬೇಕು. ಕೆಲಸದ ಬಾಕಿ ಬರಬೇಕಾದ ಮೇಸ್ತ್ರಿಗೆ ಸಿವಿಲ್ ದಾವೆಯೇ ದಾರಿ. ಕೆಲಸ ಮುಗಿದ ಮೂರು ವರ್ಷದೊಳಗೆ ಹಾಕಬೇಕು. ಇವತ್ತು ಕೊಡ್ತಾರೆ, ನಾಳೆ ಕೊಡ್ತಾರೆ ಅಂತ ಕಾಯುತ್ತಾ ಕೂತು ಹಕ್ಕು ಕಳೆದುಕೊಳ್ಳಬೇಡಿ.

ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಗಾದೆಯನ್ನೂ ನೆನೆಯೋಣ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಅಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಉಂಟು.

ಬಂಧುಗಳೇ, ಪಟ್ಟಣದಲ್ಲಿ ಗುತ್ತಿಗೆದಾರ ಯಾರೋ, ಮಾಲೀಕ ಯಾರೋ. ನಮ್ಮಲ್ಲಿ ಹಾಗಲ್ಲ. ಮನೆ ಕಟ್ಟಿದವನೂ ಕಟ್ಟಿಸಿದವನೂ ಬೆಳಿಗ್ಗೆ ಒಂದೇ ಡೇರಿಯ ಮುಂದೆ ನಿಲ್ಲಬೇಕು, ಜಾತ್ರೆಯಲ್ಲಿ ಒಂದೇ ತೇರು ಎಳೆಯಬೇಕು. ಅವರಿಬ್ಬರ ಮಾತು ನಿಂತರೆ ಎರಡು ಮನೆತನ ಮುರಿದ ಹಾಗೆ. ಬರೆಸಿಕೊಳ್ಳುವುದು ಅಪನಂಬಿಕೆ ಅಲ್ಲ. ನಮ್ಮ ಸಂಘವೇ ಇದಕ್ಕೆ ಸಾಕ್ಷಿ: ಒಬ್ಬರನ್ನೊಬ್ಬರು ನಂಬಿಯೇ ಸೇರಿದ್ದೇವೆ, ಆದರೂ ಷೇರು ರಸೀತಿಯಿಂದ ಹಿಡಿದು ನಡಾವಳಿ ಪುಸ್ತಕದ ತನಕ ಎಲ್ಲವನ್ನೂ ಬರೆದಿಟ್ಟಿದ್ದೇವೆ. ಆದ್ದರಿಂದಲೇ ಇಪ್ಪತ್ತೈದು ವರ್ಷ ಬಾಳಿದೆ. ಆ ಪದ್ಧತಿಯನ್ನು ನಮ್ಮ ನಮ್ಮ ಮನೆಯ ಪಾಯಕ್ಕೂ ತರೋಣ.

ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇವೆ.